ಟಿಸಿ ಕೇಳಲು ಬಂದ ಹುಡುಗ

2022ರ ಜುಲೈ ಮೊದಲ ವಾರ. ಸೆಕೆಂಡ್ ಪಿಯು ಕ್ಲಾಸು ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಟಿಸಿ ಬೇಕಿತ್ತು" ಅಂದ. ನಾನು ಹಾಸನದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಟಿಸಿ ಕೇಳುವುದು ನಮಗೆ ಹೊಸದಲ್ಲ. ಅಪ್ಪನಿಗೆ ವರ್ಗ ಆಗಿರುತ್ತದೆ, ಹಾಸ್ಟೆಲ್ ಊಟ ಸೇರುವುದಿಲ್ಲ, ಸೈನ್ಸ್ ತಲೆಗೆ ಹತ್ತದೆ ಕಾಮರ್ಸ್‌ಗೆ ಹೋಗಬೇಕಿರುತ್ತದೆ. ಇವನದ್ದು ಅದ್ಯಾವುದೂ ಅಲ್ಲ. ಬಿಜಿಎಂಐ ಅನ್ನುವ ಮೊಬೈಲ್ ಆಟ ಆಡುವ ಒಂದು ತಂಡ ಅವನನ್ನು ಸೇರಿಸಿಕೊಂಡಿತ್ತು. ಪುಣೆ ಕಡೆ ಒಂದು ಮನೆ ಮಾಡಿದ್ದಾರೆ, ಅಲ್ಲೇ ಇದ್ದು ಆಡಬೇಕು, ಅದಕ್ಕೆ ಬೂಟ್‌ಕ್ಯಾಂಪ್ ಅಂತಾರೆ, ತಿಂಗಳಿಗೆ ಇಪ್ಪತ್ತು ಸಾವಿರ ಕೊಡ್ತಾರೆ, ಊಟ ವಸತಿ ಅವರದ್ದೇ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, "ಆಗಸ್ಟ್ ಒಂದಕ್ಕೆ ಹೊರಡಬೇಕು ಸರ್" ಅಂದ. ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದ ನಮ್ಮ ಅತಿಥಿ ಉಪನ್ಯಾಸಕರೊಬ್ಬರು ಇಪ್ಪತ್ತು ಸಾವಿರ ಅನ್ನುವ ಮಾತು ಕೇಳಿ ಡಬ್ಬಿ ಮುಚ್ಚಿ ಎದ್ದುಹೋದರು. ಅವರ ಸಂಬಳ ಅಷ್ಟಿರಲಿಲ್ಲ.

ನಾನು ಮಾಡಿದ್ದು ಮೇಷ್ಟ್ರುಗಳೆಲ್ಲ ಮಾಡುವ ಕೆಲಸ. ಕುರ್ಚಿ ತೋರಿಸಿ ಕೂರಿಸಿದೆ. "ನಾನೂ ನಿನ್ನ ವಯಸ್ಸಲ್ಲಿ ಆಡ್ತಿದ್ದೆ ಕಣಪ್ಪ, ಟೂರ್ನಮೆಂಟಿಗೆ ಹೋಗೋ ಮಟ್ಟಕ್ಕೆ ಆಡ್ತಿದ್ದೆ. ಆಮೇಲೆ ಓದಿಗೋಸ್ಕರ ಬಿಟ್ಟೆ. ಇವತ್ತು ನೋಡು" ಅಂತ ನನ್ನ ಕಥೆ ಹೇಳಿದೆ. 'ಇವತ್ತು ನೋಡು' ಅಂದಾಗ ತೋರಿಸಲು ಅಲ್ಲಿ ಇದ್ದದ್ದು ಅರ್ಧ ತಿಂದ ಚಿತ್ರಾನ್ನ, ಕೆಂಪು ಪೆನ್ನು, ಯೂನಿಟ್ ಟೆಸ್ಟಿನ ಪೇಪರುಗಳ ಕಟ್ಟು. ಆದರೂ ಹುಡುಗ ಗೌರವದಿಂದ ತಲೆ ಆಡಿಸಿದ. ಅಪ್ಪ ಅಮ್ಮನನ್ನು ಕರೆದುಕೊಂಡು ಬಾ, ಆಮೇಲೆ ಟಿಸಿ ಮಾತು ಅಂದೆ. ಆ ದಿನ ನಾನು ಹೇಳಿದ ಕಥೆಯಲ್ಲಿ ಒಂದು ಸುಳ್ಳು ಇತ್ತು. ಅದು ಇವತ್ತಿನವರೆಗೂ ಕೊರೆಯುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಂಪಾಸಿನಲ್ಲಿ ಜೋನು

ಅಪ್ಪ ಅಮ್ಮ ಬರುವ ಮುಂಚೆ ಒಂದು ಸಂಜೆ ಹುಡುಗನನ್ನು ಕೂರಿಸಿಕೊಂಡು, ಅದೇನು ಆಡ್ತೀಯೋ ತೋರಿಸು ಅಂದೆ. ಪಬ್‌ಜಿ ಬಗ್ಗೆ ಕೇಳಿ ಗೊತ್ತಿತ್ತು. 2020ರ ಸೆಪ್ಟೆಂಬರ್ 2ರಂದು ನೂರಾ ಹದಿನೆಂಟು ಆ್ಯಪ್‌ಗಳಲ್ಲಿ ಒಂದಾಗಿ ಅದೂ ಬ್ಯಾನ್ ಆದಾಗ ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದವರಲ್ಲಿ ನಾನೂ ಒಬ್ಬ. ಮುಂದಿನ ವರ್ಷ ಜುಲೈನಲ್ಲಿ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು. ಹದಿನೆಂಟು ತುಂಬದವರು ದಿನಕ್ಕೆ ಮೂರು ಗಂಟೆ ಮಾತ್ರ ಆಡಬೇಕು ಅಂತ ಆಟದಲ್ಲೇ ಕಟ್ಟು ಹಾಕಿದ್ದರು. ನಮ್ಮ ಹುಡುಗ ಅಪ್ಪನ ಹೆಸರಿನಲ್ಲಿ ಅಕೌಂಟ್ ಮಾಡಿಕೊಂಡಿದ್ದ. ಆಟದ ಲೆಕ್ಕದಲ್ಲಿ ಅವನಿಗೆ ಆಗ ನಲವತ್ತಾರು ವರ್ಷ.

ಅವನು ಫೋನು ತೆಗೆಯಲಿಲ್ಲ. ನನ್ನ ಟೇಬಲ್ ಮೇಲಿದ್ದ ಕಂಪಾಸು ತಗೊಂಡ. ಒಂದು ಹಾಳೆಯಲ್ಲಿ ಎರಾಂಗೆಲ್ ಅನ್ನುವ ದ್ವೀಪದ ನಕ್ಷೆಯನ್ನು ಕೈಯಲ್ಲೇ ಗೀಚಿದ. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಅದರ ಮೇಲೆ ಒಂದು ವೃತ್ತ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಇವಕ್ಕೆ ಜೋನ್ ಅಂತಾರೆ. ವೃತ್ತದ ಹೊರಗೆ ಉಳಿದವನು ಸಾಯುತ್ತಾನೆ, ಆದ್ದರಿಂದ ಎಲ್ಲರೂ ಒಳಕ್ಕೆ ಸರಿಯುತ್ತಾ ಇರಬೇಕು. ಮುಂದಿನ ವೃತ್ತ ಎಲ್ಲಿ ಬೀಳುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಅವನು ತಂಡದ ಐಜಿಎಲ್. ಅಂದರೆ ನಾಲ್ಕು ಜನರಲ್ಲಿ, ಈಗ ಎಲ್ಲಿಗೆ ಓಡಬೇಕು ಅಂತ ಹೇಳುವವನು. "ಗುಂಡು ಹೊಡೆಯೋದು ನನಗಿಂತ ಚೆನ್ನಾಗಿ ಬರೋರು ಸಾವಿರ ಜನ ಇದಾರೆ ಸರ್. ನಾನು ಜೋನ್ ಓದ್ತೀನಿ" ಅಂದ. ಮುಂದಿನ ವೃತ್ತ ಹಳೆಯದರ ಒಳಗೇ ಬೀಳಬೇಕು. ಹಾಗಾಗಿ ಅದರ ಕೇಂದ್ರ ಎಲ್ಲೆಲ್ಲಿ ಇರಬಹುದು ಅನ್ನುವುದಕ್ಕೆ ಇನ್ನೊಂದು ಚಿಕ್ಕ ವೃತ್ತ ಎಳೆದ. ಅದರಲ್ಲಿ ಯಾವ ಭಾಗ ನೀರು, ಯಾವ ಗುಡ್ಡದ ಮೇಲೆ ಯಾವ ತಂಡ ಇದ್ದೇ ಇರುತ್ತದೆ ಅಂತ ಗೆರೆ ಹಾಕಿ ಹೊಡೆದುಹಾಕುತ್ತಾ ಬಂದ. ಕೊನೆಗೆ ಉಳಿದ ತುಂಡಿನ ಮೇಲೆ ಪೆನ್ನಿಟ್ಟು, "ಇಲ್ಲಿ ಮೊದಲೇ ಹೋಗಿ ಕೂತರೆ ಹತ್ತರಲ್ಲಿ ಆರು ಸಲ ನಾವು ಉಳೀತೀವಿ" ಅಂದ.

ನಾನು ಅವನ ಫಸ್ಟ್ ಪಿಯು ಮಾರ್ಕ್ಸ್ ಕಾರ್ಡ್ ನೋಡಿದ್ದೆ. ಗಣಿತಕ್ಕೆ ನಲವತ್ತೊಂದು. ವೃತ್ತದ ಪಾಠ ಇದ್ದದ್ದೇ ಫಸ್ಟ್ ಪಿಯುನಲ್ಲಿ. ನನ್ನ ಪಾಠವನ್ನೇ, ಪ್ರಾಬಬಿಲಿಟಿಯನ್ನೂ ಸೇರಿಸಿ, ಅವನು ಕಂಪಾಸು ಹಿಡಿದು ನನಗೆ ಮಾಡುತ್ತಿದ್ದ. ಇದೇ ತಲೆಯನ್ನು ಪುಸ್ತಕಕ್ಕೆ ಹಾಕಬಾರದಾ ಅಂತ ಕೇಳುವ ಆಸೆ ಬಾಯಿತನಕ ಬಂತು. ಕೇಳಲಿಲ್ಲ. ಅದೊಂದು ಒಳ್ಳೆಯ ಕೆಲಸ ಮಾಡಿದೆ ಅನ್ನಿಸುತ್ತದೆ. ಅವನಿಗೆ ಲೆಕ್ಕ ಬರುತ್ತಿತ್ತು. ಅಂಕ ಬರುತ್ತಿರಲಿಲ್ಲ, ಅಷ್ಟೇ. ಬೆಳಗ್ಗೆ ನಾಲ್ಕಕ್ಕೆ ಮಲಗಿ ಎಂಟೂವರೆಗೆ ಬಸ್ ಹಿಡಿಯುವವನಿಗೆ ಅಂಕ ಹೇಗೆ ಬರಬೇಕು? ಅವರ ಸ್ಕ್ರಿಮ್ಸ್, ಅಂದರೆ ತಂಡ ತಂಡಗಳ ನಡುವಿನ ಅಭ್ಯಾಸದ ಪಂದ್ಯಗಳು, ರಾತ್ರಿ ಊಟದ ನಂತರ ಶುರುವಾಗುತ್ತಿದ್ದವು. ಪಂದ್ಯ ಮುಗಿದ ಮೇಲೆ ರೆಕಾರ್ಡಿಂಗ್ ಹಾಕಿಕೊಂಡು ತಪ್ಪು ಹುಡುಕುವುದು ಬೇರೆ. ಯಾವ ಟ್ಯೂಷನ್ನಿನ ಹುಡುಗರೂ ತಮ್ಮ ತಪ್ಪನ್ನು ಅಷ್ಟು ಶ್ರದ್ಧೆಯಿಂದ ನೋಡುವುದನ್ನು ನಾನು ಕಂಡಿಲ್ಲ.

ಆಲೂಗಡ್ಡೆ ಮಾತು

ಅಪ್ಪ ಅಮ್ಮ ಅರಕಲಗೂಡು ಕಡೆಯಿಂದ ಬಂದರು. ನಾನು ಅಂದುಕೊಂಡಿದ್ದು, ಇಬ್ಬರೂ ನನ್ನ ಪರ ಇರುತ್ತಾರೆ, ಮೂವರೂ ಸೇರಿ ಹುಡುಗನಿಗೆ ಬುದ್ಧಿ ಹೇಳಿ ಕಳಿಸಿದರಾಯಿತು ಅಂತ. ಅಮ್ಮ ನನ್ನ ಪರ ಇದ್ದರು. "ನೀವೇ ಒಂದು ಮಾತು ಹೇಳಿ ಸಾರ್, ಆ ಫೋನು ಒಲೆಗೆ ಹಾಕ್ಬೇಕು ಅನ್ಸುತ್ತೆ" ಅಂದರು. ಅಪ್ಪ ಬೇರೆ ಥರ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗ್ಯಾರಂಟಿ ಇಲ್ಲ ಅಂತೀರಲ್ಲ ಸಾರ್, ನಾನು ವರ್ಷಾ ವರ್ಷಾ ಆಲೂಗೆಡ್ಡೆ ಹಾಕ್ತೀನಿ. ಅದುಕ್ಕೇನು ಗ್ಯಾರಂಟಿ?" ಅಂದರು.

ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್ ಮೇ ಬಂದರೆ ಎಪಿಎಂಸಿಗೆ ಜಲಂಧರ್ ಬಿತ್ತನೆ ಗಡ್ಡೆಯ ಲಾರಿಗಳು ಬರುತ್ತವೆ. ಸಾಲ ಮಾಡಿ ತಂದು, ಕೊಯ್ದು, ಮಳೆ ನೋಡಿ ಬಿತ್ತುತ್ತಾರೆ. ಜುಲೈನಲ್ಲಿ ಮೋಡ ಕಟ್ಟಿಕೊಂಡು ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ಬರುತ್ತದೆ. ಇವತ್ತು ಹಸಿರಿದ್ದ ಹೊಲ ನಾಲ್ಕೇ ದಿನದಲ್ಲಿ ಸುಟ್ಟ ಹಾಗೆ ಕಪ್ಪಾಗುತ್ತದೆ. ಈ ರೋಗಕ್ಕೆ ಹೆದರಿಯೇ ಜಿಲ್ಲೆಯಲ್ಲಿ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಜೋಳಕ್ಕೆ ಹೋದರು. ಇವರು ಬಿಟ್ಟಿರಲಿಲ್ಲ. ಅಂಥವರ ಮುಂದೆ ಸಂಬಳ ಬರುವ ನಾನು ಕೂತುಕೊಂಡು, ರಿಸ್ಕ್ ತಗೋಬೇಡಿ ಅಂತ ಹೇಳುತ್ತಿದ್ದೆ.

ನಮ್ಮಂಥ ಮೇಷ್ಟ್ರುಗಳ ಮಾತಿನಲ್ಲಿ ಒಂದು ತಪ್ಪು ಇದೆ ಅಂತ ನನಗೆ ಅಲ್ಲಿ ಹೊಳೆಯಿತು. ಓದು ಅಂದರೆ ಭದ್ರ, ಆಟ ಅಂದರೆ ಜೂಜು ಅಂತ ನಾವು ಶುರು ಮಾಡುತ್ತೇವೆ. ಸಂಬಳದ ಮನೆಗಳಿಗೆ ಅದು ಸರಿ ಕೇಳಿಸುತ್ತದೆ. ಮೂರು ಮಳೆಗಾಲದಲ್ಲಿ ಒಂದು ಕೈಗೆ ಹತ್ತಿದರೆ ಸಾಕು ಅನ್ನುವ ಮನೆಯಲ್ಲಿ ಆ ಮಾತು ನಿಲ್ಲುವುದೇ ಇಲ್ಲ. ಇಂಜಿನಿಯರಿಂಗ್‌ಗೆ ಸಾಲ ಮಾಡುವುದೂ ಅವರಿಗೆ ಬಿತ್ತನೆಯೇ. ಅವರ ಊರಿನಲ್ಲೇ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿ ಕೂತ ಹುಡುಗರಿದ್ದರು. ಅಪ್ಪ ಹೆಸರು ಹಿಡಿದು ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಒಂದು ಮಧ್ಯದ ದಾರಿ ಹಿಡಿದೆವು. ಈ ತಿಂಗಳು ಕ್ಲಾಸಿಗೆ ಬರಲಿ, ತಂಡದವರು ಕೊಟ್ಟ ಕಾಂಟ್ರ್ಯಾಕ್ಟ್ ಪೇಪರನ್ನು ಯಾರಾದರೂ ವಕೀಲರಿಗೆ ತೋರಿಸೋಣ, ತಿಂಗಳ ಕೊನೆಗೆ ಟಿಸಿ ಬೇಕಾದರೆ ನಾನೇ ಪ್ರಿನ್ಸಿಪಾಲರ ಹತ್ತಿರ ಸಹಿ ಹಾಕಿಸಿಕೊಡುತ್ತೇನೆ.

ಆ ತಿಂಗಳಲ್ಲೇ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಬಿಜಿಎಂಐ ಟೂರ್ನಮೆಂಟ್ ಬಂತು. ಕ್ರಿಕೆಟ್ ಬರುವ ಚಾನೆಲ್ಲಿನಲ್ಲಿ ಮೊಬೈಲ್ ಆಟ! ಅಮ್ಮ ಮೆತ್ತಗಾದರು ಅಂತ ಹುಡುಗ ಹೇಳಿದ. ಟೀವಿಯಲ್ಲಿ ಬಂದದ್ದಕ್ಕೆ ನಮ್ಮ ಕಡೆ ಇರುವ ಮರ್ಯಾದೆಯೇ ಬೇರೆ ಅಲ್ವಾ. ಟೂರ್ನಮೆಂಟ್ ಮುಗಿದು ಎರಡು ವಾರ ಕೂಡ ಆಗಿರಲಿಲ್ಲ. ಜುಲೈ 28ರ ಸಂಜೆ ಆಟ ಪ್ಲೇ ಸ್ಟೋರಿನಿಂದಲೂ ಆ್ಯಪ್ ಸ್ಟೋರಿನಿಂದಲೂ ಕಾಣೆಯಾಯಿತು. ಮೊದಲೇ ಯಾವ ಸುಳಿವೂ ಇರಲಿಲ್ಲ. ಸರ್ಕಾರದ ಆದೇಶ ಅಂತ ಆಮೇಲೆ ಗೊತ್ತಾಯಿತು. ಇನ್ನು ನಾಲ್ಕು ದಿನಕ್ಕೆ ಹುಡುಗ ಪುಣೆ ಬಸ್ ಹತ್ತಬೇಕಿತ್ತು. ತಂಡದವರು ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ, ಸದ್ಯಕ್ಕೆ ಬೇಡ ಅಂತ ಮೆಸೇಜ್ ಹಾಕಿದರು.

ಆ ಶನಿವಾರ ಅಪ್ಪ ಯಾವುದೋ ಕೆಲಸಕ್ಕೆ ಹಾಸನಕ್ಕೆ ಬಂದವರು ಕಾಲೇಜಿಗೂ ಬಂದರು. ಟಿಸಿ ಬೇಡ ಅಂತ ಹೇಳಲು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರು ಟವೆಲ್ ಹೆಗಲ ಮೇಲೆ ಸರಿ ಮಾಡಿಕೊಳ್ಳುತ್ತಾ, "ಬೆಳೆ ಹೋಗದು ನೋಡಿದೀನಿ ಸಾರ್. ಹೊಲವೇ ಹೋಗದು ನೋಡಿರ್ಲಿಲ್ಲ" ಅಂದರು.

ಕುಂಬ್ಳೆ ಇಂಜಿನಿಯರಿಂಗ್ ಮಾಡಲಿಲ್ವಾ?

ಆ ಮಾತು ನನ್ನ ಜೊತೆ ಉಳಿದುಬಿಟ್ಟಿತು. ಆಟ ಆಡುವ ಮಕ್ಕಳಿಗೆ ಹೇಳಲು ನಮ್ಮ ಕರ್ನಾಟಕದಲ್ಲಿ ಒಂದು ಸಿದ್ಧ ಬಾಣ ಇದೆ. ಕುಂಬ್ಳೆ ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮಾಡಿಕೊಂಡೇ ಟೆಸ್ಟ್ ಆಡಲಿಲ್ವಾ, ಶ್ರೀನಾಥ್ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಲಿಲ್ವಾ? ಇವರಿಗೂ ಮುಂಚೆ ಪ್ರಸನ್ನ ಇದ್ದರು. 1962ರಲ್ಲಿ ಮೊದಲ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್‌ಗೆ ಹೋಗಿಬಂದು, ಆಮೇಲೆ ಸುಮಾರು ಐದು ವರ್ಷ ಅವರು ಟೆಸ್ಟ್ ಕ್ರಿಕೆಟ್ಟಿನಲ್ಲಿ ಕಾಣಲಿಲ್ಲ. ಆ ನಡುವೆ ಇಂಜಿನಿಯರಿಂಗ್ ಮುಗಿಸಿದರು. ತಿರುಗಿ ಬಂದು, ಒಟ್ಟು 49 ಟೆಸ್ಟ್‌ಗಳಲ್ಲಿ 189 ವಿಕೆಟ್ ತೆಗೆದು ನಿವೃತ್ತಿಯಾದರು. ಈ ಕಥೆಯನ್ನು ನಾನು ಎಷ್ಟು ಕ್ಲಾಸಿನಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಓದಿ ಬಾ, ಆಟ ಕಾಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಈಗ ಯೋಚಿಸಿದರೆ ಆ ಸಾಕ್ಷಿ ಇಲ್ಲಿ ನಡೆಯುವುದಿಲ್ಲ. ಪ್ರಸನ್ನ ಐದು ವರ್ಷ ಬಿಟ್ಟು ಬಂದಾಗ ಚೆಂಡು ಅದೇ ಚೆಂಡು, ಇಪ್ಪತ್ತೆರಡು ಗಜ ಅದೇ ಇಪ್ಪತ್ತೆರಡು ಗಜ. ಕ್ರಿಕೆಟ್ ಯಾರಪ್ಪನ ಸ್ವತ್ತೂ ಅಲ್ಲ. ಮಂಡಳಿ ಹಾಳಾದರೂ ಗಲ್ಲಿಯಲ್ಲಿ ಆಡಬಹುದು. ಚೆಸ್ಸಿನದ್ದೂ ಅಷ್ಟೇ. ಗುಕೇಶ್ ನಾಲ್ಕನೇ ಕ್ಲಾಸಿನ ನಂತರ ದಿನಾ ಸ್ಕೂಲಿಗೆ ಹೋಗುವುದನ್ನು ಬಿಟ್ಟು ಹದಿನೆಂಟಕ್ಕೆ ವಿಶ್ವ ಚಾಂಪಿಯನ್ ಆದ, ಆನಂದ್ ಬಿ.ಕಾಂ. ಓದಿಯೂ ಆದರು. ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು, ಆದರೆ ಆ ಅರವತ್ತನಾಲ್ಕು ಮನೆಗಳನ್ನು ಒಂದು ರಾತ್ರಿ ಯಾರೂ ಅಂಗಡಿಯಿಂದ ತೆಗೆದುಹಾಕಲಾರರು. ಎಲೆಕ್ಟ್ರಾನಿಕ್ ಆಟಗಳು ಹಾಗಲ್ಲ. ಒಂದೊಂದು ಆಟಕ್ಕೂ ಒಬ್ಬ ಮಾಲೀಕ ಇದ್ದಾನೆ. ಅವನಿಗೂ ಸರ್ಕಾರಕ್ಕೂ ಮನಸ್ತಾಪ ಬಂದರೆ, ಅಥವಾ ಅವನಿಗೂ ಇನ್ನೊಂದು ಕಂಪನಿಗೂ ಸರಿ ಹೋಗದಿದ್ದರೆ, ಆಡುವವನು ರಸ್ತೆಗೆ ಬಂದ.

ಸುಮ್ನೆ ಹೇಳುತ್ತಿಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್, ಅಂದರೆ ಇಂಥ ಎಲೆಕ್ಟ್ರಾನಿಕ್ ಆಟಗಳ ಸ್ಪರ್ಧೆ, ಪ್ರದರ್ಶನಕ್ಕೆ ಅಂತ ಇತ್ತು. ಹಾರ್ತ್‌ಸ್ಟೋನ್ ಅನ್ನುವ ಕಾರ್ಡ್ ಆಟದಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಕಂಚು ಗೆದ್ದ. ಮುಂದಿನ ಗೇಮ್ಸ್ ಚೀನಾದ ಹಾಂಗ್‌ಝೌನಲ್ಲಿ. ಅಲ್ಲಿ ಇ-ಸ್ಪೋರ್ಟ್ಸ್‌ಗೆ ನಿಜವಾದ ಪದಕ, ಪಟ್ಟಿಯಲ್ಲಿ ಹಾರ್ತ್‌ಸ್ಟೋನ್ ಕೂಡ ಇತ್ತು. ಆದರೆ ಆಟದ ಮಾಲೀಕರಾದ ಬ್ಲಿಜಾರ್ಡ್‌ಗೂ ಅದನ್ನು ಚೀನಾದಲ್ಲಿ ನಡೆಸುತ್ತಿದ್ದ ಕಂಪನಿಗೂ ಒಪ್ಪಂದ ಮುರಿಯಿತು. 2023ರ ಜನವರಿಯಲ್ಲಿ ಚೀನಾದ ಸರ್ವರ್‌ಗಳು ಬಂದಾದವು. ಆಮೇಲೆ ಗೇಮ್ಸ್ ಪಟ್ಟಿಯಿಂದಲೂ ಹಾರ್ತ್‌ಸ್ಟೋನ್ ಹೋಯಿತು. ಆಡುವವರು ಯಾವ ತಪ್ಪೂ ಮಾಡಿರಲಿಲ್ಲ. ಇದರ ಜೊತೆಗೇ ನಮ್ಮಲ್ಲಿ ನಡೆದ ತಮಾಷೆ ನೋಡಿ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಇಲಾಖೆಗೆ ಸೇರಿಸಿತು. ಪೇಪರಿನಲ್ಲಿ ಅದನ್ನು ಓದಿ ನಮ್ಮ ಹುಡುಗನಿಗೆ ತೋರಿಸಿದೆ. "ಈಗ ನಾವು ಸ್ಪೋರ್ಟ್ಸ್ ಸರ್. ಆಡೋಕೆ ಗೇಮ್ ಇಲ್ಲ, ಅಷ್ಟೇ" ಅಂದ.

ಇದಕ್ಕೆ ಎದುರು ಉದಾಹರಣೆ ಇಲ್ಲ ಅಂತಲ್ಲ. ಕೊರಿಯಾದ ಫೇಕರ್ ಇದ್ದಾನೆ. ಹೈಸ್ಕೂಲು ಬಿಟ್ಟು 2013ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ತಂಡ ಸೇರಿದ, ಅದೇ ವರ್ಷ ವಿಶ್ವ ಚಾಂಪಿಯನ್ ಆದ. 2024ರಲ್ಲಿ ಐದನೇ ಸಲ ಗೆದ್ದಾಗ ಅವನಿಗೆ ಇಪ್ಪತ್ತೆಂಟು ವರ್ಷ, ಆಡುತ್ತಿದ್ದದ್ದು ಅದೇ ಆಟ. ಹುಡುಗರು ನನ್ನ ಜೊತೆ ವಾದಕ್ಕೆ ನಿಂತಾಗ ಫೇಕರ್ ಹೆಸರು ಬಂದೇ ಬರುತ್ತದೆ, ನಾನು ಕುಂಬ್ಳೆ ಹೆಸರು ಎತ್ತುವ ಹಾಗೇ. ಹುಡುಗರೂ ನಾನೂ ಮಾಡುತ್ತಿರುವುದು ಒಂದೇ ತಪ್ಪು. ದೇವಸ್ಥಾನದ ಗೋಪುರ ತೋರಿಸಿ ಇಲ್ಲಿ ಎಲ್ಲರ ಮನೆಯೂ ಇಷ್ಟೇ ಎತ್ತರ ಅನ್ನುವುದು.

ಅರವತ್ತೈದನೆಯವನು

ಗಣಿತದ ಮೇಷ್ಟ್ರು ಆದ್ದರಿಂದ ಒಂದು ಲೆಕ್ಕ ಹಾಕದೆ ಬಿಡಲಾರೆ. ಬಿಜಿಎಂಐ ದೊಡ್ಡ ಟೂರ್ನಮೆಂಟಿನ ಫೈನಲ್ಲಿಗೆ ಬರುವುದು ಹದಿನಾರು ತಂಡ, ತಂಡಕ್ಕೆ ನಾಲ್ಕು ಜನ. ಒಟ್ಟು ಅರವತ್ತನಾಲ್ಕು. 2022ರ ಜನವರಿಯಲ್ಲಿ ಮುಗಿದ ಟೂರ್ನಮೆಂಟಿನಲ್ಲಿ ಒಟ್ಟು ಬಹುಮಾನ ಒಂದು ಕೋಟಿ, ಗೆದ್ದ ತಂಡಕ್ಕೆ ಐವತ್ತು ಲಕ್ಷ. ಆಟಗಾರರು, ಕೋಚ್, ತಂಡದ ಮಾಲೀಕರ ಪಾಲು, ತೆರಿಗೆ ಎಲ್ಲ ಕಳೆದರೂ ಹದಿನೆಂಟು ವರ್ಷದವನಿಗೆ ಅದು ದೊಡ್ಡ ದುಡ್ಡೇ. ಆದರೆ ಅರವತ್ತೈದನೆಯ ಆಟಗಾರ ಯಾರು? ಅರವತ್ತನಾಲ್ಕನೆಯವನಿಗಿಂತ ಕೂದಲೆಳೆಯಷ್ಟು ಕಡಿಮೆ ಇದ್ದವನು. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಸಿಇಟಿ ಕೂಡ ಜರಡಿಯೇ. 2023ರಲ್ಲಿ ಎರಡೂವರೆ ಲಕ್ಷದ ಆಸುಪಾಸು ಮಕ್ಕಳು ಬರೆದರು. ಮೊದಲ ಸಾವಿರದಲ್ಲಿ ಬರುವುದು ಫೈನಲ್ಲಿಗೆ ಬರುವಷ್ಟೇ ಕಷ್ಟ ಇರಬಹುದು. ಅದನ್ನು ನಾವು ಹುಡುಗರಿಗೆ ಹೇಳುವುದಿಲ್ಲ. ಅವರ ಆಟದ ಜರಡಿಯ ಬಗ್ಗೆ ಮಾತ್ರ ಭಾಷಣ ಮಾಡುತ್ತೇವೆ. ಆದರೆ ಇಲ್ಲಿ ಕೆಳಗೆ ಬಿದ್ದವನಿಗೂ ಮೆಟ್ಟಿಲಿದೆ. ನಲವತ್ತು ಸಾವಿರದ ರ್‍ಯಾಂಕಿಗೂ ಒಂದು ಸೀಟು ಸಿಗುತ್ತದೆ. ಅದು ಬೇಡ ಅಂದರೆ ಬಿಎಸ್ಸಿ, ಡಿಪ್ಲೊಮಾ, ಐಟಿಐ. ಒಂದು ವರ್ಷ ಹಾಳಾದರೆ ಮುಂದಿನ ವರ್ಷ ಮತ್ತೆ ಬರೆಯಬಹುದು. ಓದಿನ ಗುಣವೇ ಅದು. ಎರಡನೇ ದರ್ಜೆಯವರನ್ನೂ ಇಟ್ಟುಕೊಂಡು ಸಾಕುತ್ತದೆ. ನನ್ನನ್ನು ಸಾಕಿದೆಯಲ್ಲ. ಗಣಿತದಲ್ಲಿ ನಾನು ದೊಡ್ಡ ಪ್ರತಿಭೆಯೇನಲ್ಲ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುವಾಗ ನನ್ನ ಮುಂದೆ ಹದಿನೈದು ಜನ ಇದ್ದರು. ಆದರೂ ಹದಿನೈದು ವರ್ಷದಿಂದ ಅದೇ ಗಣಿತದಲ್ಲಿ ಮನೆ ನಡೆದಿದೆ. ಹದಿನಾರನೇ ಐಜಿಎಲ್‌ಗೆ ಹಾಗೆ ಹದಿನೈದು ವರ್ಷ ಅನ್ನ ಹಾಕುವ ಆಟ ಎಲ್ಲಿದೆ?

ಹುಡುಗರ ವಾದವೂ ಪೂರ್ತಿ ಸುಳ್ಳಲ್ಲ ಅಂತ ಒಪ್ಪಿಕೊಳ್ಳಬೇಕು. "ಓದು ಮೂವತ್ತಕ್ಕೂ ಮಾಡಬಹುದು ಸರ್, ಗೇಮ್ ಆಗಲ್ಲ" ಅಂತಾರೆ. ಆಟ ಕೇಳುವುದು ಹದಿನಾರರಿಂದ ಇಪ್ಪತ್ತೆರಡರ ವಯಸ್ಸು. ಪಿಯುಸಿ, ಸಿಇಟಿ, ಡಿಗ್ರಿ ಕೇಳುವುದೂ ಅದೇ ವಯಸ್ಸು. ಕಾಗದದ ಮೇಲೆ ಅವರು ಹೇಳುವುದು ಸರಿ, ಓಪನ್ ಸ್ಕೂಲ್ ಇದೆ, ಖಾಸಗಿಯಾಗಿ ಕಟ್ಟಬಹುದು. ಆದರೆ ಇಪ್ಪತ್ತಮೂರರಲ್ಲಿ ತಂಡದಿಂದ ಹೊರಬಿದ್ದು, ಹದಿನೇಳರ ಮಕ್ಕಳ ಪಕ್ಕ ಪರೀಕ್ಷೆಗೆ ಕೂರುವ ಗಟ್ಟಿತನ ಎಷ್ಟು ಜನಕ್ಕೆ ಇರುತ್ತದೆ? ಎಕ್ಸ್‌ಟರ್ನಲ್ ಆಗಿ ಕಟ್ಟಿದವರನ್ನು ನಾನು ನೋಡಿದ್ದೇನೆ. ಮೊದಲ ಪೇಪರಿಗೆ ಬರುತ್ತಾರೆ, ಮೂರನೆಯದಕ್ಕೆ ಬರುವುದಿಲ್ಲ.

ಡಸ್ಟ್ ಟೂ

ಈಗ ಆ ಸುಳ್ಳಿಗೆ ಬರುತ್ತೇನೆ. 2006. ನಾನು ಬಿಎಸ್ಸಿ ಎರಡನೇ ವರ್ಷ. ಬಿ.ಎಂ. ರೋಡಿನ ಒಂದು ಕಟ್ಟಡದ ಮಹಡಿಯಲ್ಲಿ ಸೈಬರ್ ಇತ್ತು. ಹತ್ತು ಸಿಸ್ಟಂ, ಗಂಟೆಗೆ ಹದಿನೈದು ರೂಪಾಯಿ, ರಾತ್ರಿ ಪೂರ್ತಿ ಆಡಿದರೆ ಅರವತ್ತು. ಕೌಂಟರ್ ಸ್ಟ್ರೈಕ್ ಆಡುತ್ತಿದ್ದೆವು. ಮ್ಯಾಪ್ ಅಂದರೆ ಡಸ್ಟ್ ಟೂ, ಬೇರೆ ಮ್ಯಾಪ್ ಯಾಕಿದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಐದು ಜನದ ತಂಡ. ಎಡಬ್ಲ್ಯುಪಿ, ಅಂದರೆ ದೂರದಿಂದ ಹೊಡೆಯುವ ಬಂದೂಕು, ನನ್ನದು. ಮೂಲೆಯ ಏಳನೇ ಸಿಸ್ಟಂ ನನ್ನದು. ಅದರ ಮೌಸ್ ಒಂದೇ ಸರಿಯಾಗಿ ತಿರುಗುತ್ತಿದ್ದದ್ದು. ಆ ವರ್ಷ ವರ್ಲ್ಡ್ ಸೈಬರ್ ಗೇಮ್ಸ್ ಇಟಲಿಯ ಮೊನ್ಜಾದಲ್ಲಿ ನಡೆಯುತ್ತಿತ್ತು. ಬೆಂಗಳೂರಿನಲ್ಲಿ ಆಯ್ಕೆ ಪಂದ್ಯ ಇರುತ್ತದಂತೆ, ಗೆದ್ದವರನ್ನು ವಿಮಾನದಲ್ಲಿ ಕಳಿಸುತ್ತಾರಂತೆ ಅಂತ ಸುದ್ದಿ ಬಂತು. ನಮ್ಮಲ್ಲಿ ಯಾರಿಗೂ ಪಾಸ್‌ಪೋರ್ಟ್ ಇರಲಿಲ್ಲ. ಪಾಸ್‌ಪೋರ್ಟಿಗೆ ಎಷ್ಟು ದಿನ ಬೇಕು ಅಂತ ವಿಚಾರಿಸಿದ್ದು ಮಾತ್ರ ನೆನಪಿದೆ.

ಪಂದ್ಯ ಇದ್ದ ವಾರವೇ ನನಗೆ ಫಿಸಿಕ್ಸ್ ಪ್ರಾಕ್ಟಿಕಲ್. ನಾನು ಹೋಗಲಿಲ್ಲ. ಉಳಿದ ನಾಲ್ವರು ಇನ್ನೊಬ್ಬನನ್ನು ಸೇರಿಸಿಕೊಂಡು ಹೋದರು, ಮೊದಲ ದಿನವೇ ಸೋತು ರಾತ್ರಿ ಬಸ್ಸಿಗೆ ವಾಪಸ್ ಬಂದರು. ಈ ಕಥೆಯನ್ನು ನಾನು ಎಲ್ಲರಿಗೂ ಹೇಳಿದ್ದೇನೆ. ಹೆಂಡತಿಗೆ, ತಮ್ಮನಿಗೆ, ಹದಿನೈದು ವರ್ಷದಿಂದ ನನ್ನ ಕ್ಲಾಸಿನಲ್ಲಿ ಕೂತ ಹುಡುಗರಿಗೆ. ಆಟ ಬಿಟ್ಟು ಓದು ಹಿಡಿದೆ ಅಂತ. ದಿನಾಂಕಗಳೆಲ್ಲ ನಿಜ. ಹೇಳದೇ ಬಿಟ್ಟದ್ದು ಇಷ್ಟು: ಪ್ರಾಕ್ಟಿಕಲ್ ತಾರೀಕು ಬರುವುದಕ್ಕೆ ಎರಡು ವಾರ ಮುಂಚೆಯೇ ತಂಡದಲ್ಲಿ ನನ್ನ ಜಾಗ ಹೋಗಿತ್ತು. ರೆಕಾರ್ಡ್ ಬರೆಯಲು ಅಂತ ಐದಾರು ದಿನ ಸೈಬರ್‌ಗೆ ಹೋಗಿರಲಿಲ್ಲ. ಆ ಹೊತ್ತಿಗೆ ಪಾಲಿಟೆಕ್ನಿಕ್‌ನ ಒಬ್ಬ ಹುಡುಗ ಬಂದು ಸೇರಿಕೊಂಡಿದ್ದ. ನಾನು ಆಟವನ್ನು ಬಿಟ್ಟದ್ದಲ್ಲ. ಅವರು ನನ್ನನ್ನು ಬಿಟ್ಟರು. ಆಮೇಲೆ ಬಂದ ಪ್ರಾಕ್ಟಿಕಲ್ ನನ್ನ ಮರ್ಯಾದೆ ಉಳಿಸಿತು.

ಇದರಲ್ಲಿ ದೊಡ್ಡ ಪಾಪ ಏನೂ ಇಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ನಾನು ಆ ಸುಳ್ಳನ್ನು ಒಬ್ಬ ಹುಡುಗನ ಮುಂದೆ ತೂಕದ ಕಲ್ಲಾಗಿ ಇಟ್ಟಿದ್ದೆ. 'ಆಯ್ಕೆ' ಅನ್ನುವ ಪದವನ್ನು ಅವನಿಗೆ ಕೊಟ್ಟವನು ನಾನು. ನಿಜಕ್ಕೂ ನನ್ನ ಜೀವನದಲ್ಲಿ ಅಂಥ ಆಯ್ಕೆ ಬಂದೇ ಇರಲಿಲ್ಲ. ಅವನದ್ದನ್ನೂ ಅವನು ಮಾಡಲಿಲ್ಲ. ದೆಹಲಿಯ ಯಾವುದೋ ಕಚೇರಿಯಲ್ಲಿ ಒಂದು ಆದೇಶಕ್ಕೆ ಸಹಿ ಬಿತ್ತು, ಅವನು ಕ್ಲಾಸಿನಲ್ಲೇ ಉಳಿದ. ಪ್ರಿನ್ಸಿಪಾಲರು ಆಮೇಲೆ ಮೀಟಿಂಗಿನಲ್ಲಿ, ಒಬ್ಬ ವಿದ್ಯಾರ್ಥಿಯನ್ನು ಉಳಿಸಿಕೊಂಡರು ಅಂತ ನನ್ನನ್ನು ಹೊಗಳಿದರು. ನಾನು ಸುಮ್ಮನೆ ಕೂತಿದ್ದೆ.

ಮೇ 19

ಹುಡುಗ ಓದಿದ. ತುಂಬಾ ಅಲ್ಲ, ಆದರೆ ರಾತ್ರಿ ನಿದ್ದೆ ಮಾಡಿದ, ಅದರಲ್ಲೇ ಅರ್ಧ ಅಂಕ ಬಂತು. ಹಾಜರಾತಿ ಎಪ್ಪತ್ತೈದು ದಾಟಿತು. 2023ರ ಮಾರ್ಚಿನ ಪರೀಕ್ಷೆಯಲ್ಲಿ ಗಣಿತಕ್ಕೆ ಎಪ್ಪತ್ತೆಂಟು. ಸಿಇಟಿ ಇದ್ದದ್ದು ಮೇ 20 ಮತ್ತು 21. ಮೇ 19ಕ್ಕೆ, ಅಂದರೆ ಸಿಇಟಿಯ ಹಿಂದಿನ ದಿನ, ಬಿಜಿಎಂಐ ವಾಪಸ್ ಬರುತ್ತಿದೆ ಅಂತ ಕಂಪನಿ ಹೇಳಿತು. ಸುದ್ದಿ ನನಗೆ ಸಂಜೆ ಗೊತ್ತಾಯಿತು. ಅವನಿಗೆ ಫೋನ್ ಮಾಡಲು ಕೈ ಹೋಯಿತು, ಮಾಡಲಿಲ್ಲ. ಏನಂತ ಹೇಳುವುದು? ನೋಡಬೇಡ ಅಂತಲಾ? ಬೆಳಗ್ಗೆ ಸೆಂಟರಿನ ಗೇಟಿನಲ್ಲಿ ಸಿಕ್ಕಾಗ ಅವನ ಕಣ್ಣು ಕೆಂಪಗಿತ್ತು. ಹಳೆಯ ಹುಡುಗರ ಗ್ರೂಪಿನಲ್ಲಿ ಮೂರು ಗಂಟೆಯವರೆಗೆ ಮೆಸೇಜ್ ಬಂದವಂತೆ. ಹತ್ತು ದಿನಕ್ಕೆ ಆಟ ಫೋನಿಗೆ ಬಂತು, ಮೂರು ತಿಂಗಳ ಪರೀಕ್ಷಾ ಅವಧಿ ಅನ್ನುವ ಷರತ್ತಿನ ಮೇಲೆ. ಅವನ ರ್‍ಯಾಂಕು ಮೂವತ್ತೆಂಟು ಸಾವಿರದ ಚಿಲ್ಲರೆ. ಬೆಂಗಳೂರಿನ ಹೊರವಲಯದ ಒಂದು ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಸಿಕ್ಕಿತು. ಹೋದ. ಅಲ್ಲಿ ಹಾಸ್ಟೆಲ್ಲಿನಲ್ಲಿ ತಂಡ ಕಟ್ಟಿಕೊಂಡು ಆಡುತ್ತಿದ್ದಾನೆ ಅಂತ ಅವರಮ್ಮ ಆಗಾಗ ಫೋನ್ ಮಾಡಿ ಹೇಳುತ್ತಿದ್ದರು. 2025ರ ಆಗಸ್ಟಿನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದಾಗ ಟೀವಿ ನೋಡಿ, "ಬ್ಯಾನ್ ಆಯ್ತಂತೆ ಸಾರ್, ಮತ್ತೆ?" ಅಂದರು. ದನಿಯಲ್ಲಿ ಖುಷಿಯೂ ಇತ್ತು, ಭಯವೂ ಇತ್ತು. ದುಡ್ಡು ಕಟ್ಟಿ ಆಡುವ ಆಟಗಳನ್ನು ಮಾತ್ರ ನಿಲ್ಲಿಸಿದ್ದಾರೆ, ಇವನ ಥರದ್ದಕ್ಕೆ ಅದೇ ಕಾಯ್ದೆಯಲ್ಲಿ ಮನ್ನಣೆ ಕೊಟ್ಟಿದ್ದಾರೆ ಅಂತ ಬಿಡಿಸಿ ಹೇಳಿದೆ. "ಹಂಗಾರೆ ಇನ್ನೂ ಆಡ್ತನೆ" ಅಂತ ಫೋನ್ ಇಟ್ಟರು.

ಆ ಅಕ್ಟೋಬರಿನಲ್ಲಿ, ಹಾಸನಾಂಬೆ ಬಾಗಿಲು ತೆಗೆದಿದ್ದ ದಿನಗಳಲ್ಲಿ, ಹುಡುಗ ಮನೆಯವರ ಜೊತೆ ದರ್ಶನಕ್ಕೆ ಬಂದಿದ್ದ. ಸಾಲಿನಲ್ಲಿ ನಾಲ್ಕು ಗಂಟೆ ನಿಂತು ಸುಸ್ತಾಗಿ ಸಂಜೆ ನನ್ನ ಹತ್ತಿರ ಬಂದ. ಟೀ ಅಂಗಡಿಗೆ ಹೋದೆವು. ಮೂರನೇ ವರ್ಷ, ಒಂದು ಸಬ್ಜೆಕ್ಟ್ ಬ್ಯಾಕ್ ಇದೆ. ವಿಟಿಯು ಎಂಬತ್ತೈದು ಪರ್ಸೆಂಟ್ ಹಾಜರಾತಿ ಕೇಳುತ್ತದೆ, ಅದಕ್ಕೆ ಒದ್ದಾಡುತ್ತಿದ್ದಾನೆ. ತಂಡ ಚೆನ್ನಾಗಿ ಆಡುತ್ತಿದೆ, ಆನ್‌ಲೈನ್ ಸುತ್ತುಗಳಲ್ಲಿ ಮುಂದೆ ಬಂದಿದ್ದಾರೆ. ಅವನು ಕೇಳಲು ಬಂದಿದ್ದು ಬೇರೆ. ತಂಡದಲ್ಲಿ ಒಬ್ಬ ಗೇಟ್ ಪರೀಕ್ಷೆಗೆ ಅಂತ ಕೋಚಿಂಗ್ ಸೇರಿದ್ದಾನೆ, ವಾರದಲ್ಲಿ ಮೂರು ದಿನ ಸ್ಕ್ರಿಮ್ಸ್‌ಗೆ ಬರುತ್ತಿಲ್ಲ. ಒಳ್ಳೆಯ ಹುಡುಗ, ಮೊದಲಿಂದ ಜೊತೆಗಿದ್ದವನು. ಅವನ ಜಾಗಕ್ಕೆ ಜೂನಿಯರ್ ಒಬ್ಬ ಸಿದ್ಧ ಇದ್ದಾನೆ. "ಹೇಗೆ ಹೇಳೋದು ಸರ್ ಅವನಿಗೆ?"

ನಾನು ಆಗ ಡಸ್ಟ್ ಟೂ ಕಥೆಯನ್ನು ಮೊದಲ ಸಲ ಪೂರ್ತಿ ಹೇಳಿದೆ. ಅವನು ಲೋಟ ಕೆಳಗಿಟ್ಟು ಕೇಳಿಸಿಕೊಂಡ. ನಗಲಿಲ್ಲ. ನೀವು ಅವತ್ತು ಹೀಗೆ ಹೇಳಿರಲಿಲ್ಲವಲ್ಲ ಅಂತಲೂ ಅನ್ನಲಿಲ್ಲ.

"ನಿಮ್ಮ ಜಾಗಕ್ಕೆ ಬಂದನಲ್ಲ, ಅವನು ಹೇಗೆ ಆಡ್ತಿದ್ದ ಸರ್?"

"ನನಗಿಂತ ಚೆನ್ನಾಗಿ ಆಡ್ತಿದ್ದ."

"ನಿಮಗೆ ಯಾರು ಹೇಳಿದ್ರು, ನೀವು ತಂಡದಲ್ಲಿಲ್ಲ ಅಂತ?"

"ಯಾರೂ ಹೇಳ್ಲಿಲ್ಲ ಕಣೋ. ಒಂದು ಶನಿವಾರ ರೆಕಾರ್ಡ್ ಮುಗಿಸಿ ಸೈಬರ್‌ಗೆ ಹೋದೆ. ಏಳನೇ ಸಿಸ್ಟಂನಲ್ಲಿ ಅವನು ಕೂತಿದ್ದ."